ಸಣ್ಣ ಬಚ್ಚಲುಮನೆಯ ರಿಪೇರಿ: ಕೈಸುಟ್ಟುಕೊಂಡವರ ಕೆಲವು ಮಾತು

ಸಂಜೆ ಪತ್ರಿಕೆ ಓದಲು ವಾಚನಾಲಯಕ್ಕೆ ಬರುವ ಮಿತ್ರರು ಈಚೆಗೆ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧಪಾಲು ಬಚ್ಚಲುಮನೆಯ ವಿಚಾರವೇ. ನಾವೇನು ಇಂಜಿನಿಯರರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ಕೇಳುತ್ತಾರೆ. ಕಾರಣವಿಷ್ಟೆ: ನಮ್ಮ ಮನೆಯ ಬಚ್ಚಲನ್ನು ನಾವು ಎರಡು ಸಲ ಕಟ್ಟಿಸಿದ್ದೇವೆಂಬುದು ಎಲ್ಲರಿಗೂ ಗೊತ್ತು. ಎರಡನೆಯ ಸಲ ಕಟ್ಟಿಸಬೇಕಾದದ್ದು ಏಕೆ ಎಂಬುದನ್ನು ಒಮ್ಮೆ ಬರೆದುಬಿಟ್ಟರೆ ಉಳಿದವರಿಗೆ ಹಣವೂ ಮರ್ಯಾದೆಯೂ ಉಳಿದೀತೆಂದು ಈ ಲೇಖನ.

ವಡಪಳನಿಯಲ್ಲಿ ನಮ್ಮಂಥವರು ಇರುವುದು ಹೆಚ್ಚಾಗಿ ಹಳೆಯ ಸಣ್ಣ ಫ್ಲಾಟುಗಳಲ್ಲಿ, ಇಲ್ಲವೆ ಸಾಲುಮನೆಗಳಲ್ಲಿ. ಬಚ್ಚಲೆಂದರೆ ಐದಡಿ ಉದ್ದ, ನಾಲ್ಕಡಿ ಅಗಲ, ಪಾಯಖಾನೆಯೂ ಅದರೊಳಗೇ. ನಮ್ಮದೂ ಹಾಗೆಯೇ, ಎರಡನೆಯ ಮಹಡಿಯಲ್ಲಿ. ಮಗಳ ನಾಮಕರಣಕ್ಕೆ ಊರಿನಿಂದ ಬರುವ ನೆಂಟರೆದುರು ಹಳೆಯ ಬಚ್ಚಲು ಕಾಣಬಾರದೆಂದು ಹಠ ಹಿಡಿದು, ಚೀಟಿ ಎತ್ತಿದ ಹಣವನ್ನೆಲ್ಲ ಅದಕ್ಕೆ ಸುರಿದೆವು. ಮನೆಗೆ ಇದ್ದದ್ದು ಅದೊಂದೇ ಬಚ್ಚಲು. ಪಕ್ಕದ ಮನೆಯಲ್ಲಿ ಎಷ್ಟು ದಿನವೆಂದು ಸ್ನಾನಕ್ಕೆ ಹೋಗುವುದು? ಹತ್ತು ದಿನದ ಕೆಲಸವನ್ನು ಐದೇ ದಿನದಲ್ಲಿ ಮುಗಿಸಿಕೊಡಿರೆಂದು ಕೊತ್ತನಾರರ ಬೆನ್ನು ಹತ್ತಿದವರು ನಾವೇ. ಆದುದರಿಂದ ತಪ್ಪೆಲ್ಲ ಅವರದೆಂದು ಹೇಳಲಾರೆವು.

ಮೂರು ತಿಂಗಳಾಗಿರಬಹುದು. ಕೆಳಮನೆಯ ಮಾಮಿ ಒಂದು ಬೆಳಿಗ್ಗೆ ಮೇಲೆ ಬಂದು, ಏನೂ ದೂರದೆ, “ಒಂದು ನಿಮಿಷ ಬಂದು ನೋಡಿಬಿಡಿ” ಎಂದರು. ಹೋಗಿ ನೋಡಿದರೆ ಅವರ ಅಡಿಗೆಮನೆಯ ಸೂರಿನಲ್ಲಿ ತಟ್ಟೆಯಗಲ ಕಂದು ಕಲೆ, ಅದರಡಿಯಲ್ಲಿ ಬಕೆಟ್ಟು. ಎಷ್ಟು ದಿನದಿಂದ ಇಟ್ಟಿದ್ದರೋ. ಆ ಬಕೆಟ್ಟನ್ನು ಕಂಡು ನಮಗಾದ ನಾಚಿಕೆ ಅಷ್ಟಿಷ್ಟಲ್ಲ. ಹೊಸ ಟೈಲ್ಸನ್ನೆಲ್ಲ ಒಡೆಸಿದೆವು.

ಆಗ ತಿಳಿದ ಮೊದಲ ಸಂಗತಿ: ಟೈಲ್ಸು ನೀರನ್ನು ತಡೆಯುವುದಿಲ್ಲ. ಟೈಲ್ಸಿನ ಮೈ ತಡೆದೀತು; ಆದರೆ ಎರಡು ಟೈಲ್ಸಿನ ನಡುವಣ ಸಿಮೆಂಟಿನ ಸಂದಿಯಲ್ಲಿ ನೀರು ದಿನದಿನವೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಫ್ಲಾಟುಗಳಲ್ಲಿ ಬಚ್ಚಲಿನ ತಳವನ್ನು ಸಾಮಾನ್ಯವಾಗಿ ಉಳಿದ ನೆಲಕ್ಕಿಂತ ಕೆಳಗೆ ಇಳಿಸಿ ಕಟ್ಟಿ, ಆ ಹಳ್ಳದಲ್ಲಿ ಪೈಪುಗಳನ್ನು ಓಡಿಸಿ, ಮೇಲೆ ಇಟ್ಟಿಗೆಚೂರು ತುಂಬಿರುತ್ತಾರೆ. ಸಂದಿಯಿಂದ ಇಳಿದ ನೀರು ಆ ಚೂರಿನೊಳಗೆ ಕೆರೆಯಂತೆ ನಿಂತು, ಕಾಲಕ್ರಮದಲ್ಲಿ ಕಾಂಕ್ರೀಟಿನ ಮೂಲಕ ಕೆಳಮನೆಗೆ ಹೋಗುತ್ತದೆ. ಹೋಗುವಾಗ ಒಳಗಣ ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ. ನೀರನ್ನು ತಡೆಯಬೇಕಾದದ್ದು ಟೈಲ್ಸಿನ ಅಡಿಯಲ್ಲಿ ಬಳಿಯುವ ವಾಟರ್‌ಪ್ರೂಫ್ ಲೇಪ. ಅದು ಎರಡು ಸಲ ಬೀಳಬೇಕು, ನೆಲಕ್ಕಷ್ಟೇ ಅಲ್ಲದೆ ಗೋಡೆಯ ಮೇಲೂ ಒಂದಡಿ ಏರಬೇಕು. ಷವರಿನ ಕಡೆಯ ಗೋಡೆಗೆ ಆಳೆತ್ತರ ಬಳಿಸಿದರೆ ಇನ್ನೂ ಮೇಲು. ಪೈಪು ನೆಲವನ್ನು ತೂರಿ ಹೋಗುವ ಕಡೆ ಸುತ್ತಲಿನ ಬಿರುಕನ್ನು ಮೊದಲೇ ಮುಚ್ಚಿಸಬೇಕು. ಸೋರುವುದು ಬಹಳಮಟ್ಟಿಗೆ ಅಲ್ಲಿಯೇ.

ಲೇಪ ಒಣಗಿದ ಮೇಲೆ, ಟೈಲ್ಸು ಕೂರಿಸುವುದಕ್ಕೆ ಮುಂಚೆ, ಮಾಡಬೇಕಾದ ಪರೀಕ್ಷೆಯೊಂದಿದೆ. ಮೋರಿಯ ಬಾಯಿಗೆ ಬಟ್ಟೆ ಗಿಡಿದು, ಬಾಗಿಲಿಗೆ ಅಡ್ಡಲಾಗಿ ಪುಟ್ಟ ಸಿಮೆಂಟು ಕಟ್ಟೆ ಹಾಕಿ, ಎರಡಂಗುಲ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ ಹಾಗೆಯೇ ಬಿಡಿ. ಗಾಳಿಗೆ ಆರಿ ಕೂದಲೆಳೆಯಷ್ಟು ಇಳಿದರೆ ಚಿಂತೆಯಿಲ್ಲ. ಗೆರೆಯಿಂದ ಎದ್ದು ಕಾಣುವಷ್ಟು ಇಳಿದರೆ, ಇಲ್ಲವೆ ಕೆಳಮನೆಯ ಸೂರು ಮುಟ್ಟಿದಾಗ ತೇವವಾದರೆ, ಆ ಲೇಪ ಉಪಯೋಗಕ್ಕಿಲ್ಲ. ಮೊದಲ ಸಲ ನಾವು ಬಿಟ್ಟದ್ದು ಈ ಎರಡು ದಿನವನ್ನೇ. ಹಾಗೆಯೇ ಗೋಡೆಯೊಳಗಿನ ನಲ್ಲಿಪೈಪನ್ನು ಮುಚ್ಚುವ ಮೊದಲು ಒತ್ತಡ ಕೊಟ್ಟು ನೋಡಲು ಹೇಳಿ. ಮೊಬೈಲಿನಲ್ಲಿ ಫೋಟೋವೂ ಒಂದಿರಲಿ; ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆಯೆಂದು ಹುಡುಕಬೇಕಾಗಿಲ್ಲ.

ಎರಡನೆಯದು ವಾಟ. ನಾವು ವಾಟ ಎನ್ನುವುದನ್ನು ಇಲ್ಲಿಯ ಕೊತ್ತನಾರರು ವಾಟ್ಟಂ ಎನ್ನುತ್ತಾರೆ. ಆ ಮಟ್ಟಿಗೆ ಭಾಷೆಯ ತೊಂದರೆಯಿಲ್ಲ. ತೊಂದರೆಯಿರುವುದು ಅಳತೆಯಲ್ಲಿ. “ವಾಟ್ಟಂ ಪೋಟ್ಟಾಚ್ಚು ಸಾರ್” ಎಂದೊಡನೆ ತಲೆಯಾಡಿಸಬೇಡಿ. ಐದಡಿಗೆ ಮುಕ್ಕಾಲು ಅಂಗುಲದಷ್ಟು ಇಳಿಜಾರು ಬೇಕು, ಅದೂ ಮೋರಿಯ ಕಡೆಗೆ. ಒಂದು ಚೊಂಬು ನೀರು ಸುರಿದು ನೋಡಿದರೆ ಸಾಕು, ಅದೇ ಹೇಳುತ್ತದೆ. ಈಗಿನ ಅಂಗಡಿಗಳಲ್ಲಿ ಎರಡಡಿ ಚೌಕದ ಹೊಳೆಯುವ ಟೈಲ್ಸನ್ನು ತೋರಿಸುತ್ತಾರೆ. ಅಷ್ಟು ದೊಡ್ಡ ಹಲ್ಲೆಯನ್ನು ಸಣ್ಣ ಬಚ್ಚಲಿನಲ್ಲಿ ನಾಲ್ಕು ಕಡೆಯಿಂದಲೂ ಮೋರಿಗೆ ಬಾಗಿಸಲಾಗದು; ನಡುವೆ ಎಲ್ಲೋ ನೀರು ನಿಂತೇ ನಿಲ್ಲುತ್ತದೆ. ಒಂದಡಿಯದು, ಅದಕ್ಕಿಂತ ಸಣ್ಣದು ಇನ್ನೂ ಒಳ್ಳೆಯದು, ಮೈ ತರಿತರಿಯಾಗಿರಬೇಕು. ಹೊಳಪಿನ ಟೈಲ್ಸಿನ ಮೇಲೆ ಸೋಪಿನ ನೀರು ಬಿದ್ದರೆ ಏನಾಗುತ್ತದೆಂಬುದನ್ನು ನಮ್ಮ ತಾಯಿಯವರ ಬಲಗೈ ಮುಂಗೈ ಮೂಳೆ ತಿಳಿಸಿಕೊಟ್ಟಿತು. ಆರು ವಾರ ಕಟ್ಟು. ಅಂಗಡಿಯಲ್ಲಿ ಒಂದು ಟೈಲ್ಸಿಗೆ ನೀರು ಹಾಕಿಸಿ ಅಂಗಾಲಿನಿಂದ ಉಜ್ಜಿ ನೋಡುವುದಕ್ಕೆ ಸಂಕೋಚಪಡಬೇಡಿ.

ಅವರು ಬಿದ್ದ ದಿನ ಇನ್ನೊಂದೂ ತಿಳಿಯಿತು. ಬಾಗಿಲು ಒಳಕ್ಕೆ ತೆರೆಯುವಂಥದು. ಬಿದ್ದವರೇ ಅದಕ್ಕೆ ಅಡ್ಡವಾಗಿದ್ದರು. ಒಳಗೆ ಹೋಗಲು ಹತ್ತು ನಿಮಿಷ ಹಿಡಿಯಿತು. ಸಣ್ಣ ಬಚ್ಚಲಿಗೆ ಬಾಗಿಲು ಹೊರಕ್ಕೆ ತೆರೆಯಲಿ, ಚಿಲಕ ಹೊರಗಿನಿಂದಲೂ ಬಿಚ್ಚುವಂತಿರಲಿ. ಕಮೋಡಿನ ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲ್ ಸರಳು ಹಾಕಿಸಿ. ಮುದುಕರಿಲ್ಲದ ಮನೆಯಾದರೂ ಸರಿ, ನಾವೂ ಒಂದು ದಿನ ಆ ವಯಸ್ಸಿಗೆ ಬರುವವರೇ ತಾನೆ!

ಹಣ ಉಳಿಸಲು ಹಳೆಯ ಟೈಲ್ಸಿನ ಮೇಲೆಯೇ ಹೊಸದನ್ನು ಅಂಟಿಸುವುದುಂಟು. ಗೋಡೆಗೆ ಆದೀತು, ನೆಲಕ್ಕೆ ಬೇಡ. ನೆಲ ಒಂದಂಗುಲ ಏರಿತೆಂದರೆ ಹೊಸ್ತಿಲು ತಗ್ಗಾಗಿ, ಬಚ್ಚಲ ನೀರು ಕೋಣೆಗೆ ಬರುತ್ತದೆ.

ಇನ್ನು ಚೆನ್ನೈಗೇ ವಿಶೇಷವಾದ ವಿಚಾರ ನೀರಿನದು. ನಮ್ಮ ಕಡೆ ಬಚ್ಚಲಿನಲ್ಲಿ ಹಂಡೆಯೂ ತೊಟ್ಟಿಯೂ ಇದ್ದವು. ಇಲ್ಲಿಯ ಹಳೆಯ ಮನೆಗಳಲ್ಲಿಯೂ ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ ಇರುತ್ತಿತ್ತು. ಜಾಗ ಸಾಲದೆಂದು ರಿಪೇರಿಯಲ್ಲಿ ಎಲ್ಲರೂ ಮೊದಲು ಒಡೆಸುವುದು ಅದನ್ನೇ. 2019ರ ಜೂನಿನಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಈ ನಾಲ್ಕು ಜಲಾಶಯಗಳೂ ಬಹುತೇಕ ಬತ್ತಿ, ಊರೆಲ್ಲ ಕೊಡ ಹಿಡಿದು ಲಾರಿಗಾಗಿ ಕಾದಾಗ, ತೊಟ್ಟಿ ಉಳಿಸಿಕೊಂಡವರೇ ಜಾಣರಾದರು. ತೊಟ್ಟಿ ಬೇಡವೆಂದರೆ ಒಂದು ದೊಡ್ಡ ಡ್ರಮ್ಮಿಗಾದರೂ ಮೂಲೆ ಬಿಡಿ. ಷವರು ಇದ್ದರೂ ಬಕೆಟ್ಟು ತುಂಬಲು ತಗ್ಗಿನಲ್ಲಿ ಒಂದು ನಲ್ಲಿ ಇರಲೇಬೇಕು.

ಬೋರಿನ ನೀರು ಉಪ್ಪು. ಹಳೆಯ ಕಬ್ಬಿಣದ ಪೈಪಿನ ಒಳಗೆ ಅದು ಗರಣೆಗಟ್ಟಿ ಸೂಜಿತೂತಷ್ಟೇ ಉಳಿಸುತ್ತದೆ. ನೆಲ ಗೋಡೆಗಳನ್ನು ಹೊಸದು ಮಾಡಿ, ಒಳಗೆ ಹಳೆಯ ಪೈಪನ್ನೇ ಬಿಡುವುದು ನಾವು ಕಂಡ ತಪ್ಪುಗಳಲ್ಲೆಲ್ಲ ದುಬಾರಿಯದು. ತಣ್ಣೀರಿಗೆ ಯುಪಿವಿಸಿ, ಬಿಸಿನೀರಿಗೆ ಸಿಪಿವಿಸಿ ಪೈಪು. ಬಿಸಿನೀರಿನ ಸಾಲಿಗೆ ಮಾಮೂಲಿ ಪಿವಿಸಿ ಹಾಕಿದರೆ ಮೆತ್ತಗಾಗಿ ಬಾಗುತ್ತದೆ.

ನೆಲಮಹಡಿಯವರಿಗೆ ಒಂದು ಮಾತು. 2015ರ ಡಿಸೆಂಬರಿನ ಮಳೆಯಲ್ಲಿಯೂ 2023ರ ಮಿಚಾಂಗ್ ಚಂಡಮಾರುತದಲ್ಲಿಯೂ ಎಷ್ಟೋ ಮನೆಗಳಿಗೆ ಕೊಳಚೆ ಬಂದದ್ದು ಬಾಗಿಲಿನಿಂದಲ್ಲ, ಬಚ್ಚಲ ಮೋರಿಯಿಂದ. ಬೀದಿಯ ಚರಂಡಿ ತುಂಬಿದಾಗ ನೀರು ಹಿಂದಕ್ಕೆ ತಿರುಗುತ್ತದೆ. ಹೊರಹೋಗುವ ಪೈಪಿಗೆ ಒಂದೇ ಕಡೆಗೆ ತೆರೆಯುವ ವಾಲ್ವು ಹಾಕಿಸುವುದಕ್ಕೆ ನೆಲ ಅಗೆದಿರುವ ಸಮಯಕ್ಕಿಂತ ಒಳ್ಳೆಯ ಸಮಯ ಬೇರೆಯಿಲ್ಲ. ಮೋರಿಯಿಂದ ವಾಸನೆ, ಜಿರಲೆ ಬರುವುದಾದರೆ ಅದರ ಬಾಗಿದ ಭಾಗದಲ್ಲಿ ನೀರು ನಿಲ್ಲುತ್ತಿಲ್ಲವೆಂದು ಅರ್ಥ. ಅಲ್ಲಿ ಎರಡಂಗುಲ ನೀರು ಸದಾ ನಿಂತಿರಬೇಕು.

ಗೀಸರಿನ ವಿಚಾರದಲ್ಲಿ ತಮಾಷೆಯಿಲ್ಲ. 3 ಕಿಲೋವಾಟಿನದು 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪ್ಲಗ್ಗು, ತಕ್ಕ ದಪ್ಪದ ಬೇರೆ ವೈರು, ಸರಿಯಾದ ಅರ್ಥಿಂಗು ಬೇಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಸೋರಿದ ವಿದ್ಯುತ್ತು ಜೀವ ತೆಗೆಯುವ ಮೊದಲೇ ಅದು ಬಿದ್ದುಹೋಗುತ್ತದೆ. 25 ಲೀಟರಿನ ಗೀಸರಿನಲ್ಲಿ ನೀರೇ 25 ಕಿಲೋ. ಅರ್ಧ ಇಟ್ಟಿಗೆಯ ಗೋಡೆಗೆ ನೇತುಹಾಕುವ ಮುನ್ನ ಗೋಡೆ ತಾಳೀತೇ ಎಂದು ಕೇಳಿ. ಗ್ಯಾಸ್ ಗೀಸರನ್ನಂತೂ ಬಚ್ಚಲಿನೊಳಗೆ ಇಡಲೇಬೇಡಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಹೊರಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ ನಾವು ಇಲ್ಲಿಯೇ ಕುಳಿತು ಓದಿದ್ದೇವೆ.

ಬಾಡಿಗೆಯವರು ಕೆಲಸ ಹಿಡಿಸುವ ಮೊದಲು ಮಾಲೀಕರಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲಿ. ಖರ್ಚು ಬಾಡಿಗೆಯಲ್ಲಿ ಕಳೆಯುವುದೋ ಅಡ್ವಾನ್ಸಿಗೆ ಸೇರುವುದೋ ಅದರಲ್ಲಿಯೇ ಇರಲಿ. ಕೊತ್ತನಾರರಿಗೆ ಹಣವನ್ನು ಮೂರು ಕಂತಿನಲ್ಲಿ ಕೊಡಿ, ನೀರು ನಿಲ್ಲಿಸಿ ನೋಡಿದ ಮೇಲೆ ಎರಡನೆಯದು. ಟೈಲ್ಸು ಐದಾರು ಹೆಚ್ಚಿಗೆ ಕೊಂಡು ಅಟ್ಟದಲ್ಲಿಡಿ. ಮುಂದಿನ ವರ್ಷ ಅದೇ ಬಣ್ಣ ಸಿಗುವುದಿಲ್ಲ.

ಎರಡನೆಯ ಸಲದ ಕೆಲಸ ಮುಗಿದ ಮೇಲೆ ಮಾಮಿಯವರ ಸೂರಿಗೂ ನಾವೇ ಸುಣ್ಣ ಹೊಡೆಸಿಕೊಟ್ಟೆವು. ಆಗ ಕೊಂಡ ರಸಮಟ್ಟ, ಅಳತೆಯ ಟೇಪು ಎರಡನ್ನೂ ವಾಚನಾಲಯದ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇವೆ. ಬೇಕಾದವರು ಪುಸ್ತಕದಂತೆಯೇ ರುಜು ಹಾಕಿ ಒಯ್ಯಬಹುದು. ಹದಿನೈದು ದಿನದೊಳಗೆ ಹಿಂದಿರುಗಿಸಬೇಕು.