ಕುಣಿತ ಎಲ್ಲರಿಗೂ ಗೊತ್ತು, ಕಥೆ ಯಾರಿಗೆ ಗೊತ್ತು?

ಮೈಕೇಲ್ ಜಾಕ್ಸನ್ ಗೊತ್ತಿಲ್ಲದವರು ಯಾರಿದ್ದಾರೆ ಸ್ವಾಮಿ? ಊರಹಬ್ಬದ ಆರ್ಕೆಸ್ಟ್ರಾದಲ್ಲಿ ಇವತ್ತಿಗೂ ಒಬ್ಬನಾದರೂ ಕರಿ ಟೋಪಿ ಹಾಕ್ಕೊಂಡು, ಹಿಂದಕ್ಕೆ ಜಾರಿ ಜಾರಿ ಹೋಗಿ ಶಿಳ್ಳೆ ಗಿಟ್ಟಿಸುತ್ತಾನೆ. ಅವನನ್ನು ‘ಬ್ಯಾಡ್’ ಹಾಡಿನ ಬಗ್ಗೆ ಕೇಳಿ ನೋಡಿ. ಮೈತುಂಬ ಬಕಲು, ಝಿಪ್ಪು, ಕರಿ ದಿರಿಸು, ಸುರಂಗ ರೈಲಿನ ನಿಲ್ದಾಣದಲ್ಲಿ ಗುಂಪು ಕುಣಿತ... ಎಲ್ಲ ಪಟಪಟ ಹೇಳ್ತಾನೆ. ಆದರೆ ಆ ಕುಣಿತ ಶುರುವಾಗುವ ಮುಂಚೆ ಏನಾಗುತ್ತೆ ಅಂತ ಕೇಳಿ. ತಲೆ ಕೆರೆದುಕೊಳ್ಳುತ್ತಾನೆ!

ತಪ್ಪು ಅವನದ್ದಲ್ಲ ಬಿಡಿ. ‘ಬ್ಯಾಡ್’ ನಿಜವಾಗಿ 18 ನಿಮಿಷದ ಚಿತ್ರ. ಟಿವಿಯವರು ಮತ್ತೆ ಮತ್ತೆ ಹಾಕಿ ಪ್ರಪಂಚಕ್ಕೆಲ್ಲ ಉಣಬಡಿಸಿದ್ದು ಅದರಲ್ಲಿ ಹಾಡಿನ ನಾಲ್ಕು ನಿಮಿಷ ಚಿಲ್ಲರೆ ಮಾತ್ರ. ಹಣ್ಣಿನ ಸಿಪ್ಪೆ ಎಲ್ಲರಿಗೂ ಸಿಕ್ಕಿತು, ತಿರುಳು ಡಬ್ಬದಲ್ಲೇ ಉಳಿಯಿತು. ಆ ತಿರುಳಿನ ಕಥೆ ಈ ವಾರ ನಿಮಗಾಗಿ.

ಭಾರೀ ಕಿಲಾಡಿಗಳ ಕೂಟ!

ಜಾಕ್ಸನ್ ತನ್ನ ಹಾಡಿನ ಚಿತ್ರಗಳನ್ನು ‘ವಿಡಿಯೋ’ ಅಂತ ಕರೆಯಲು ಒಪ್ಪುತ್ತಿರಲಿಲ್ಲ. ‘ಷಾರ್ಟ್ ಫಿಲ್ಮ್’ ಅನ್ನಬೇಕು ಅನ್ನೋದು ಅವನ ಹಟ. 1983ರ ‘ಥ್ರಿಲ್ಲರ್’ ಹಾಡಿಗೆ ಜಾನ್ ಲ್ಯಾಂಡಿಸ್ ಕೈಲಿ ಹೆಚ್ಚುಕಡಿಮೆ 14 ನಿಮಿಷದ ದೆವ್ವದ ಚಿತ್ರ ಮಾಡಿಸಿದ್ದ. ಮುಂದಿನ ಆಲ್ಬಮ್‌ಗೆ ಅದನ್ನು ಮೀರಿಸುವಂಥದ್ದು ಬೇಕಿತ್ತು. ಕರೆತಂದದ್ದು ಯಾರನ್ನು ಗೊತ್ತೇ? ‘ಟ್ಯಾಕ್ಸಿ ಡ್ರೈವರ್’, ‘ರೇಜಿಂಗ್ ಬುಲ್’ ತೆಗೆದ ಮಾರ್ಟಿನ್ ಸ್ಕಾರ್ಸೆಸಿ ಅವರನ್ನು! ಸ್ಕಾರ್ಸೆಸಿ ಅವರ ‘ದಿ ಕಲರ್ ಆಫ್ ಮನಿ’ (1986) ಬರೆದ ರಿಚರ್ಡ್ ಪ್ರೈಸ್ ಅವರೇ ಇದಕ್ಕೂ ಚಿತ್ರಕಥೆ ಬರೆದರು. ಕ್ಯಾಮೆರಾ ಮೈಕೇಲ್ ಚಾಪ್‌ಮನ್, ಸಂಕಲನ ಥೆಲ್ಮಾ ಸ್ಕೂನ್‌ಮೇಕರ್. ದೊಡ್ಡ ಚಿತ್ರಕ್ಕೆ ಸಾಲುವಷ್ಟು ಘಟಾನುಘಟಿಗಳು ಒಂದು ಹಾಡಿಗೆ ಸೇರಿದರು!

ನ್ಯೂಯಾರ್ಕಿನ ಬ್ರೂಕ್‌ಲಿನ್‌ನಲ್ಲಿರುವ ಹಾಯ್ಟ್-ಷೆರ್ಮರ್‌ಹಾರ್ನ್ ಎಂಬ ಸುರಂಗ ರೈಲು ನಿಲ್ದಾಣದಲ್ಲಿ 1986ರ ಕೊನೆಯಲ್ಲಿ ಚಿತ್ರೀಕರಣ ನಡೆಯಿತು. 1987ರ ಆಗಸ್ಟ್ 31ರಂದು ಆಲ್ಬಮ್ ಅಂಗಡಿಗೆ ಬಂತು, ಅದೇ ರಾತ್ರಿ ಸಿಬಿಎಸ್ ಟಿವಿಯಲ್ಲಿ ಚಿತ್ರವೂ ಬಂತು. ಅಂದ ಹಾಗೆ, ಇದನ್ನು ಜಾಕ್ಸನ್ ಮತ್ತು ಅವನ ಪ್ರತಿಸ್ಪರ್ಧಿ ಪ್ರಿನ್ಸ್ ಸೇರಿ ಹಾಡಲಿ ಅಂತ ಮೊದಲು ಮಾತುಕತೆ ನಡೆದಿತ್ತು. ಪ್ರಿನ್ಸ್ ಒಪ್ಪಲಿಲ್ಲ. ಒಪ್ಪಿದ್ದರೆ ಈ ಕಥೆ ಎಲ್ಲಿ ಹೋಗುತ್ತಿತ್ತೋ ಏನೋ!

ಓದಿದ ಹುಡುಗ ಊರಿಗೆ ಬಂದ

ಚಿತ್ರ ಶುರುವಾಗುವುದು ಕಪ್ಪು-ಬಿಳುಪಿನಲ್ಲಿ. ಡ್ಯಾರಿಲ್ ಅನ್ನೋ ಕಪ್ಪು ಹುಡುಗ (ಜಾಕ್ಸನ್) ದುಡ್ಡಿದ್ದವರ ಮಕ್ಕಳು ಓದುವ ದೊಡ್ಡ ಶಾಲೆಯಿಂದ ರಜೆಗೆ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ಅವನಂಥದ್ದೇ ಇನ್ನೊಬ್ಬ ಹುಡುಗ ಸಿಕ್ಕು, ನಿನ್ನ ಬಗ್ಗೆ ಹೆಮ್ಮೆಪಡೋರು ಎಷ್ಟು ಜನ ಅಂತ ವಿಚಾರಿಸುತ್ತಾನೆ. ಲೆಕ್ಕ ಹಾಕಿದರೆ ಮೂರೇ ಜನ! ಮನೆಗೆ ಬಂದರೆ ತಾಯಿ ಕೆಲಸಕ್ಕೆ ಹೋಗಿದ್ದಾಳೆ, ಒಂದು ಚೀಟಿ ಬರೆದಿಟ್ಟಿದ್ದಾಳೆ. ಆ ತಾಯಿಗೆ ದನಿ ಕೊಟ್ಟವರು ಖ್ಯಾತ ಗಾಯಕಿ ರಾಬರ್ಟಾ ಫ್ಲಾಕ್.

ಹಳೇ ಗೆಳೆಯರು ಬರುತ್ತಾರೆ. ಅವರ ನಾಯಕ ಮಿನಿ ಮ್ಯಾಕ್ಸ್. ಈ ಪಾತ್ರ ಮಾಡಿದವನು ಆಗ ಯಾರಿಗೂ ಗೊತ್ತಿಲ್ಲದ ವೆಸ್ಲಿ ಸ್ನೈಪ್ಸ್. ಹೌದು, ‘ಬ್ಲೇಡ್’ ಚಿತ್ರದ ಅದೇ ಸ್ನೈಪ್ಸ್! ಮೊದಮೊದಲು ನಗು, ತಮಾಷೆ. ಆಮೇಲೆ ಕೆಣಕಾಟ. ನೀನು ಕಾಲೇಜು ಸಾಹೇಬ, ನಮ್ಮವನಲ್ಲ ಅನ್ನುವ ಧಾಟಿ. ನಮ್ಮವನೇ ಆದರೆ ತೋರಿಸು ಅಂತ ಸುರಂಗ ನಿಲ್ದಾಣಕ್ಕೆ ಎಳೆದುಕೊಂಡು ಹೋಗುತ್ತಾರೆ. ಒಂಟಿಯಾಗಿ ಬರುವ ಬಡಪಾಯಿಯನ್ನು ಸುಲಿಯಬೇಕು, ಅದೇ ಪರೀಕ್ಷೆ. ಒಬ್ಬ ಮುದುಕ ಬರುತ್ತಾನೆ. ಕೊನೇ ಗಳಿಗೆಯಲ್ಲಿ ಡ್ಯಾರಿಲ್ ಆ ಮುದುಕನನ್ನು ಓಡಿಸಿಬಿಡುತ್ತಾನೆ!

ನೀನು ‘ಬ್ಯಾಡ್’ ಅಲ್ಲ ಅಂತ ಮಿನಿ ಮ್ಯಾಕ್ಸ್ ಹೀಯಾಳಿಸುತ್ತಾನೆ. ಈ ಮಾತು ಸ್ವಲ್ಪ ಬಿಡಿಸಬೇಕು. ನಮ್ಮ ಕಡೆ ‘ಭಾರೀ ಕಿಲಾಡಿ ಕಣೋ’ ಅಂದರೆ ಅದು ಬೈಗುಳವೂ ಹೌದು, ಹೊಗಳಿಕೆಯೂ ಹೌದು. ಅವರ ಬೀದಿಮಾತಿನ ‘ಬ್ಯಾಡ್’ ಕೂಡ ಹಾಗೇ. ಗಟ್ಟಿಗ, ಗಂಡೆದೆಯವನು ಅನ್ನೋ ಅರ್ಥ. ಹಾಗಾದರೆ ನಿಜವಾದ ಗಟ್ಟಿಗ ಯಾರು? ಮುದುಕನ ಜೇಬಿಗೆ ಕೈಹಾಕೋನೋ, ನಾಲ್ಕು ಜನ ಗೆಳೆಯರ ಎದುರು ನಿಂತು ‘ಇದಾಗಲ್ಲ’ ಅನ್ನೋನೋ?

ಇದೇ ಚಿತ್ರದ ಪ್ರಾಣ. ಈ ಪ್ರಶ್ನೆ ಎದ್ದ ಮೇಲೆ ಮಾತ್ರ ತೆರೆಯ ಮೇಲೆ ಬಣ್ಣ ಬರುತ್ತದೆ, ಬಕಲು-ಝಿಪ್ಪಿನ ವೇಷ ಬರುತ್ತದೆ, ಕುಣಿತ ಬರುತ್ತದೆ. ಕುಣಿತವೇ ಆ ಪ್ರಶ್ನೆಗೆ ಉತ್ತರ. ಕೊನೆಗೆ ಮಿನಿ ಮ್ಯಾಕ್ಸ್ ಕೈಕುಲುಕಿ ಹೊರಟುಹೋಗುತ್ತಾನೆ. ಬಣ್ಣ ಮಾಯ! ಮತ್ತೆ ಕಪ್ಪು-ಬಿಳುಪು. ಡ್ಯಾರಿಲ್ ತನ್ನ ಮಾಮೂಲಿ ಬಟ್ಟೆಯಲ್ಲಿ ಒಬ್ಬನೇ ನಿಂತಿದ್ದಾನೆ. ನಾಲ್ಕು ನಿಮಿಷದ ತುಣುಕು ನೋಡಿದವರಿಗೆ ಪ್ರಶ್ನೆ ಕೇಳಿಸಲೇ ಇಲ್ಲ, ಉತ್ತರ ಮಾತ್ರ ಸಿಕ್ಕಿತು. ಅದಕ್ಕೇ ಅವರಿಗೆ ಕಂಡದ್ದು ಬರೀ ಷೋಕಿ!

ಲೇವಡಿ ಮಾಡಿದವರೂ ಅದನ್ನೇ ಹಿಡಿದರು. ‘ವಿಯರ್ಡ್ ಅಲ್’ ಯಾಂಕೋವಿಕ್ ಎಂಬ ಅಣಕುಗಾಯಕ 1988ರಲ್ಲಿ ‘ಫ್ಯಾಟ್’ ಅಂತ ಡೊಳ್ಳುಹೊಟ್ಟೆಯವನ ಅಣಕು ಮಾಡಿದ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೇ ಬಂತು!

ಸತ್ತವನು ನಿಜವಾದ ಹುಡುಗ

ಈಗ ನಗು ನಿಲ್ಲಿಸಿ ಕೇಳಬೇಕಾದ ಸಂಗತಿ. ಈ ಕಥೆಯ ಹಿಂದೆ ನಿಜವಾದ ಒಂದು ಸಾವಿದೆ.

ಎಡ್ಮಂಡ್ ಪೆರಿ ಅಂತ 17 ವರ್ಷದ ಹುಡುಗ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯವನು. ಜಾಣ. ಹೆಸರಾಂತ ಫಿಲಿಪ್ಸ್ ಎಕ್ಸಿಟರ್ ಶಾಲೆಯಲ್ಲಿ ಓದಿ ಮುಗಿಸಿದ್ದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನದ ಸೀಟು ಕಾಯುತ್ತಿತ್ತು. ಶಾಲೆ ಮುಗಿಸಿ ಕೆಲವೇ ದಿನ ಆಗಿತ್ತು. 1985ರ ಜೂನ್ 12ರ ರಾತ್ರಿ ಮಫ್ತಿಯಲ್ಲಿದ್ದ ಪೊಲೀಸನೊಬ್ಬನ ಗುಂಡಿಗೆ ಸತ್ತ. ಪೆರಿ ಮತ್ತು ಅವನ ಅಣ್ಣ ತನ್ನ ಮೇಲೆ ಬಿದ್ದು ದೋಚಲು ಬಂದರು ಅನ್ನೋದು ಪೊಲೀಸನ ಹೇಳಿಕೆ. ಪೊಲೀಸನ ಮೇಲೆ ಮೊಕದ್ದಮೆ ಹೂಡುವುದು ಬೇಡ ಅಂತ ತೀರ್ಮಾನವಾಯಿತು. ಅಣ್ಣನ ಮೇಲೆ ಹೂಡಿದರು, ಅವನಿಗೆ ಖುಲಾಸೆಯಾಯಿತು. ಆ ರಾತ್ರಿಯ ಬಗ್ಗೆ ಅಮೆರಿಕದಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆಯಿತು.

‘ಬ್ಯಾಡ್’ ಕಥೆಗೆ ಬೀಜ ಬಿದ್ದದ್ದು ಇಲ್ಲಿ ಅಂತಲೇ ಎಲ್ಲರೂ ಗುರುತಿಸುತ್ತಾರೆ. ಆದರೆ ಜಾಕ್ಸನ್ ತಾನು ಓದಿದ ಸುದ್ದಿಯನ್ನು ಬೇರೆ ಥರ ಹೇಳಿದ್ದ. ದೊಡ್ಡ ಶಾಲೆಗೆ ಹೋದ ಹುಡುಗನನ್ನು ಊರಿನ ಗೆಳೆಯರೇ ಹೊಟ್ಟೆಕಿಚ್ಚಿಗೆ ಕೊಂದರು ಅಂತ!

ನೋಡಿದಿರಾ, ಕೋವಿ ಕೈ ಬದಲಾಯಿಸಿಬಿಟ್ಟಿತು! ಪೊಲೀಸನ ಕೈಲಿದ್ದದ್ದು ಕೇರಿ ಹುಡುಗರ ಕೈಗೆ ಬಂತು. ಗೆಳೆಯರು ಕೆಟ್ಟವರು, ನೀನು ಒಳ್ಳೆಯವನಾಗಿರು ಅನ್ನೋದು ಸುಲಭದ ಬುದ್ಧಿವಾದ, ಟಿವಿಯವರಿಗೂ ರುಚಿಸುತ್ತೆ. ಒಳ್ಳೆಯವನಾದರೂ ಕಪ್ಪು ಹುಡುಗ ಮನೆಗೆ ಜೀವಂತ ತಲುಪುತ್ತಾನಾ ಅನ್ನೋದು ಕಷ್ಟದ ಪ್ರಶ್ನೆ. ಚಿತ್ರ ಮೊದಲನೆಯದನ್ನು ಕೇಳಿತು, ಎರಡನೆಯದನ್ನು ಬಿಟ್ಟಿತು. ಹೊಗಳುವಾಗ ಇದನ್ನೂ ಹೇಳಬೇಕಾದ್ದು ನ್ಯಾಯ.

ಅಣ್ಣನಿಗಿಂತ ತಂಗಿ ಮುಂದೆ

ಜಾಕ್ಸನ್ ಇಂಥ ಪ್ರಯೋಗ ಮೊದಲೇ ಮಾಡಿದ್ದ. 1983ರ ‘ಬೀಟ್ ಇಟ್’ನಲ್ಲಿ ನಿರ್ದೇಶಕ ಬಾಬ್ ಜಿರಾಲ್ಡಿ ಲಾಸ್ ಏಂಜಲೀಸಿನ ಅಸಲಿ ಗ್ಯಾಂಗುಗಳ ಹುಡುಗರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಒಬ್ಬರನ್ನು ಕಂಡರೆ ಒಬ್ಬರಿಗಾಗದ ಗುಂಪುಗಳವು! ಜಗಳ ಬಿಟ್ಟು ನಡೆಯೋನೇ ಗಂಡಸು ಅನ್ನೋದು ಅದರ ಸಾರ. ಅದು ಸಣ್ಣ ಚಿತ್ರ, ಮಾತು ನೇರ.

1989ರಲ್ಲಿ ತಂಗಿ ಜಾನೆಟ್ ಜಾಕ್ಸನ್ ಅಣ್ಣನನ್ನೂ ಮೀರಿಸಿದಳು. ‘ರಿದಂ ನೇಷನ್ 1814’ ಆಲ್ಬಮ್‌ಗೆ ನಿರ್ದೇಶಕ ಡಾಮಿನಿಕ್ ಸೀನಾ ಜೊತೆ ಸೇರಿ 30 ನಿಮಿಷದ ಕಪ್ಪು-ಬಿಳುಪು ಚಿತ್ರ ಮಾಡಿದಳು. ಹಾಡುಗಾರರಾಗುವ ಕನಸು ಕಂಡ ಇಬ್ಬರು ಹುಡುಗರು ಮಾದಕ ವಸ್ತುವಿಗೆ ಬಲಿಯಾಗುವ ಕಥೆ ಅದು. ಆಲ್ಬಮ್ಮಿನ ಹಾಡುಗಳಲ್ಲಿ ಓದು ಬಾರದಿರುವುದು, ವರ್ಣದ್ವೇಷ, ಮನೆಯಿಲ್ಲದವರ ಪಾಡು ಎಲ್ಲವೂ ಇದೆ. ಹಿಂದಿನ ಗೆಲುವಿನ ಮಾದರಿಯಲ್ಲೇ ಇನ್ನೊಂದು ಮಾಡು ಅಂತ ಕಂಪನಿಯವರು ಹೇಳಿದರೂ ಆಕೆ ಕೇಳಲಿಲ್ಲ. ಚಿತ್ರಕ್ಕೆ ದೀರ್ಘ ವಿಡಿಯೋ ವಿಭಾಗದಲ್ಲಿ ಗ್ರ್ಯಾಮಿ ಬಂತು. ಇಲ್ಲಿ ಕಥೆಯನ್ನು ಕತ್ತರಿಸಿ ಎಸೆಯೋದು ಅಷ್ಟು ಸುಲಭವಿರಲಿಲ್ಲ, ಯಾಕಂದರೆ ಹಾಡುಗಳನ್ನೇ ಕಥೆಯೊಳಗೆ ಹೆಣೆದುಬಿಟ್ಟಿದ್ದಳು.

ಹೆಜ್ಜೆ ಬಂತು, ಕಥೆ ಬರಲಿಲ್ಲ

ನಮ್ಮ ದೇಶದಲ್ಲಿ ಜಾಕ್ಸನ್ ಕುಣಿದದ್ದು 1996ರ ನವೆಂಬರ್ 1ರಂದು, ಮುಂಬೈಯ ಅಂಧೇರಿಯಲ್ಲಿ. ಆದರೆ ಅವನ ಹೆಜ್ಜೆ ಅದಕ್ಕೆಷ್ಟೋ ಮುಂಚೆ ಬಂದಿತ್ತು. ನಮ್ಮ ಮೈಸೂರಿನಲ್ಲಿ ಹುಟ್ಟಿದ, ಮೂಗೂರು ಸುಂದರ್ ಅವರ ಮಗ ಪ್ರಭುದೇವ ‘ಭಾರತದ ಮೈಕೇಲ್ ಜಾಕ್ಸನ್’ ಅನ್ನಿಸಿಕೊಂಡದ್ದು ಯಾರಿಗೆ ಗೊತ್ತಿಲ್ಲ? ಆ ಹುಚ್ಚು ಗಾಂಧಿನಗರಕ್ಕೂ ಬಂತು. ಒಳ್ಳೆಯದೇ. ಆದರೆ ಹೆಜ್ಜೆ ತಂದವರು ಆ ಹೆಜ್ಜೆಯ ಹಿಂದಿನ ಕಥೆ ತರಲಿಲ್ಲ.

ಆ ಕಥೆ ನಮಗೆ ದೂರದ್ದೇನಲ್ಲ. ಹಳ್ಳಿಯಿಂದ ಹೋಗಿ ಪೇಟೆಯ ಹಾಸ್ಟೆಲಿನಲ್ಲಿ ಓದುವ ಯಾವ ಹುಡುಗನನ್ನಾದರೂ ಕೇಳಿ. ರಜೆಗೆ ಊರಿಗೆ ಬಂದಾಗ ಅರಳಿಕಟ್ಟೆ ಗೆಳೆಯರು ‘ಏನಪ್ಪಾ ಸಾಹೇಬ, ನಮ್ಮನ್ನೆಲ್ಲ ಮರೆತ್ಯಾ?’ ಅಂತ ಕೆಣಕುತ್ತಾರೆ. ಅಲ್ಲಿ ಓದುವವರ ಮಧ್ಯೆ ಹಳ್ಳಿಗಮಾರ, ಇಲ್ಲಿ ಗೆಳೆಯರ ಮಧ್ಯೆ ದೊರೆ. ಎರಡೂ ಕಡೆ ಹೊರಗಿನವನು. ಪಿಯುಸಿ ಮುಗಿಸದೆ ಬಿಟ್ಟ ನಾನು ಕಟ್ಟೆಯ ಮೇಲೆ ಕೂತು ಕೆಣಕುವವರ ಸಾಲಿನಲ್ಲಿದ್ದವನು. ಅದಕ್ಕೇ ಮಿನಿ ಮ್ಯಾಕ್ಸ್ ಮುಖದಲ್ಲಿ ನನಗೆ ಕಂಡದ್ದು ಬರೀ ಪುಂಡತನ ಅಲ್ಲ. ಹಿಂದೆ ಉಳಿದುಹೋದವನ ನೋವು. ಸ್ನೈಪ್ಸ್ ಅದನ್ನು ಕಣ್ಣಲ್ಲೇ ಆಡಿ ತೋರಿಸುತ್ತಾನೆ, ನೋಡಿ.

2009ರ ಜೂನ್ 25ರಂದು ಜಾಕ್ಸನ್ ತೀರಿಕೊಂಡ. ಬದುಕಿನಲ್ಲಿ ಅವನ ಮೇಲೆ ಬಂದ ಆರೋಪಗಳು, ನಡೆದ ವಿಚಾರಣೆ, 2005ರಲ್ಲಿ ಆದ ಖುಲಾಸೆ, ಇನ್ನೂ ನಿಲ್ಲದ ವಾದ, ಅದೆಲ್ಲ ಬೇರೆಯದೇ ಪುರಾಣ. ಚಿತ್ರ ಮಾತ್ರ ಇದೆ. 2012ರಲ್ಲಿ ಸ್ಪೈಕ್ ಲೀ ‘ಬ್ಯಾಡ್ 25’ ಅನ್ನುವ ಸಾಕ್ಷ್ಯಚಿತ್ರವನ್ನೇ ಮಾಡಿದರು. ಸ್ಕಾರ್ಸೆಸಿ ಅವರನ್ನೂ ಕೂರಿಸಿ ಹಳೇ ಚಿತ್ರದ ಬಗ್ಗೆ ಮಾತಾಡಿಸಿದರು.

ಈಗ ಎಲ್ಲರ ಕೈಲೂ ಮೊಬೈಲ್ ಇದೆ. ಬಸ್ಸು ಬರಲು ತಡವಾದರೆ 18 ನಿಮಿಷ ದೊಡ್ಡದೇನಲ್ಲ. ಆದರೆ ಒಂದು ಮಾತು ನೆನಪಿರಲಿ. ಹುಡುಕುವಾಗ ಪೂರ್ತಿ ಚಿತ್ರವನ್ನೇ ಹುಡುಕಿ. ಹಾಡು ಎಲ್ಲಿ ಅಂತ ಬೆರಳಿನಿಂದ ಮುಂದಕ್ಕೆ ತಳ್ಳಬೇಡಿ. ಬಣ್ಣ ಬರೋವರೆಗೆ ಕಾಯಬೇಡಿ, ನೋಡಬೇಕಾದ್ದು ಅದಕ್ಕೆ ಮುಂಚೆಯೇ ಇದೆ!