ಗಿನಿಪಿಗ್ ಕಿವಿ ಸ್ವಚ್ಛಗೊಳಿಸಲು ಇಯರ್‌ಬಡ್ ಏಕೆ ಬೇಡ?

ಮನೆಯಲ್ಲಿ ಗಿನಿಪಿಗ್ ಸಾಕಿದವರು ಒಂದಲ್ಲ ಒಂದು ದಿನ ಅದರ ಕಿವಿಯಲ್ಲಿ ಕಂದು ಬಣ್ಣದ ಅಂಟು ಕಂಡು ಗಾಬರಿಯಾಗುತ್ತಾರೆ. ಆಗ ಕೈಗೆ ಮೊದಲು ಸಿಗುವುದು ಇಯರ್‌ಬಡ್, ಇಲ್ಲವೇ ಕೊಬ್ಬರಿ ಎಣ್ಣೆಯ ಬಾಟಲಿ. ಎರಡನ್ನೂ ಪಕ್ಕಕ್ಕಿಡಿ.

ಆ ಅಂಟು ನಮ್ಮ ಕಿವಿಯಲ್ಲೂ ಇರುವಂಥ ಗುಗ್ಗೆ. ಕಿವಿನಾಳದ ಗ್ರಂಥಿಗಳು ಸ್ರವಿಸುವ ಜಿಡ್ಡಿಗೆ ಉದುರಿದ ಚರ್ಮದ ಕಣಗಳು, ಧೂಳು ಸೇರಿ ಅದು ಆಗುತ್ತದೆ. ಧೂಳು ಒಳಗೆ ಹೋಗದಂತೆ ತಡೆಯುವುದೇ ಅದರ ಕೆಲಸ. ನಾಳದ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಿರುತ್ತದೆ. ಗುಗ್ಗೆಯೂ ಅದರ ಜೊತೆಗೆ ತಾನಾಗಿ ಹೊರಬರುತ್ತದೆ. ಇಯರ್‌ಬಡ್ ಹಾಕಿದರೆ ಹತ್ತಿಗೆ ಸ್ವಲ್ಪ ಅಂಟಿಕೊಳ್ಳುತ್ತದೆ, ಉಳಿದದ್ದು ಮತ್ತೆ ಒಳಕ್ಕೆ ಹೋಗುತ್ತದೆ. ಅಷ್ಟು ಕಿರಿದಾದ ನಾಳದಲ್ಲಿ ಕಡ್ಡಿ ಇರುವಾಗ ಪ್ರಾಣಿ ಬೆಚ್ಚಿ ತಲೆ ಕೊಡವಿದರೆ ಕಿವಿಯ ತಮಟೆಗೇ ಪೆಟ್ಟು.

ಹಾಗಾದರೆ ಒರೆಸುವುದೇ ಬೇಡವೇ? ಹೊರಗೆ ಕಾಣುವ ಭಾಗವನ್ನು ಒರೆಸಬಹುದು. ಗಿನಿಪಿಗ್ಗನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳಿ. ಮೆತ್ತನೆಯ ಹತ್ತಿ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬೆರಳಿಗೆ ಸುತ್ತಿ ಕಿವಿಯ ಮಡಿಕೆಗಳನ್ನು ಒರೆಸಿ. ಬೆರಳು ಹೋಗದ ಜಾಗ ನಿಮ್ಮದಲ್ಲ. ಒಳಗೆ ನೀರು, ಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್ ಏನನ್ನೂ ಸುರಿಯಬೇಡಿ. ದಿನಾ ಒರೆಸುವುದೂ ಬೇಡ, ಕೊಳೆ ಕಂಡಾಗ ಸಾಕು.

ಇನ್ನೊಂದು ತಪ್ಪು ಕಲ್ಪನೆ ಕಿವಿಯ ಹಿಂದಿನ ಬೋಳು ಚರ್ಮದ್ದು. ಎರಡೂ ಕಿವಿಗಳ ಹಿಂದೆ ಕೂದಲಿಲ್ಲದ ಸಣ್ಣ ಜಾಗ ಗಿನಿಪಿಗ್‌ಗಳಿಗೆ ಹುಟ್ಟಿನಿಂದಲೇ ಇರುತ್ತದೆ. ಇದನ್ನು ಹುಳುಕಡ್ಡಿ ಎಂದುಕೊಂಡು ಮುಲಾಮು ಹಚ್ಚುವವರಿದ್ದಾರೆ. ಚರ್ಮ ಕೆಂಪಾಗದೆ, ಹೊಟ್ಟು ಏಳದೆ, ತುರಿಕೆಯಿಲ್ಲದೆ ಇದ್ದರೆ ಮುಲಾಮು ಬೇಕಿಲ್ಲ.

ನಿಜಕ್ಕೂ ಹೆದರಬೇಕಾದದ್ದು ತಲೆ ಒಂದು ಪಕ್ಕಕ್ಕೆ ವಾಲಿದಾಗ. ನಿಂತಲ್ಲೇ ಸುತ್ತುವುದು, ಮುಗ್ಗರಿಸುವುದು, ಕೀವು, ದುರ್ವಾಸನೆ, ಒಂದೇ ಸಮನೆ ಕೆರೆದುಕೊಳ್ಳುವುದು ಕೂಡ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳೇ. ವಾಲಿದ ತಲೆಗೆ ಕೊಳೆ ಕಾರಣವಿರಲಿಕ್ಕಿಲ್ಲ. ಮೂಗು, ಗಂಟಲಿನ ಸೋಂಕು ಒಳಗಿನ ನಾಳದ ಮೂಲಕ ಮಧ್ಯಕಿವಿಗೆ ಏರಿ, ಅಲ್ಲಿಂದ ದೇಹದ ಸಮತೋಲ ಕಾಯುವ ಒಳಕಿವಿಗೂ ದಾಟಿರಬಹುದು. ಹೊರಗಿನಿಂದ ಎಷ್ಟು ಒರೆಸಿದರೂ ಅಲ್ಲಿಗೆ ತಲುಪುವುದಿಲ್ಲ. ಚಿಕಿತ್ಸೆ ಮಾತ್ರ ತಡವಾಗುತ್ತದೆ. ಜೊತೆಗೆ ಮೇವು ಬಿಟ್ಟಿದ್ದರೆ ನಾಳೆ ನೋಡೋಣ ಎನ್ನಬೇಡಿ. ಹೊಟ್ಟೆ ಖಾಲಿ ಬಿದ್ದರೆ ಅದರ ಕರುಳಿನ ಚಲನೆಯೇ ನಿಂತು ಜೀವಕ್ಕೆ ಅಪಾಯವಾಗುತ್ತದೆ.

ಮನೆಯಲ್ಲಿ ಉಳಿದ ಔಷಧಿಯನ್ನೂ ಪ್ರಯೋಗಿಸಬೇಡಿ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಗಳನ್ನು ಬಾಯಿಗೆ ಹಾಕಿದರೆ ಗಿನಿಪಿಗ್‌ನ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳು ಸತ್ತು ಅದರ ಪ್ರಾಣವೇ ಹೋಗಬಹುದು. ನಾಯಿಗೆಂದು ತಂದ ಕಿವಿಹನಿಯೂ ಬೇಡ. ತಮಟೆ ಹರಿದಿದ್ದರೆ ಜೆಂಟಮೈಸಿನ್‌ನಂಥ ಔಷಧ ಒಳಕಿವಿಗೆ ಇಳಿದು, ಶಬ್ದ ಗ್ರಹಿಸುವ ಕೋಶಗಳನ್ನು ಕೊಲ್ಲಬಲ್ಲದು. ತಮಟೆ ಸರಿಯಿದೆಯೇ ಎಂದು ಉಪಕರಣವಿಟ್ಟು ನೋಡಿಯೇ ವೈದ್ಯರು ಹನಿ ಬರೆದುಕೊಡುವುದು. ನಾಯಿ, ಬೆಕ್ಕು, ದನಗಳನ್ನೇ ಹೆಚ್ಚಾಗಿ ನೋಡುವ ಪಶುವೈದ್ಯರಾದರೆ, ಗಿನಿಪಿಗ್‌ಗೆ ಚಿಕಿತ್ಸೆ ಕೊಟ್ಟ ಅನುಭವವಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.