ಅರಿಶಿನಕ್ಕೆ ಮೆಣಸು ಸೇರಿದಾಗ

ಅರಿಶಿನದ ಕ್ಯಾಪ್ಸೂಲ್ ಮಾರುವವರ ಜಾಹೀರಾತಿನಲ್ಲಿ ಒಂದು ಅಂಕಿ ಪದೇ ಪದೇ ಕಾಣಿಸಿಕೊಳ್ಳುತ್ತದೆ: ಶೇಕಡ 2000. ಅರಿಶಿನದ ಜೊತೆ ಕಾಳುಮೆಣಸು ಸೇರಿಸಿದರೆ ಅದರ ಸತ್ವ ಮೈಗೆ ಹತ್ತುವುದು ಅಷ್ಟು ಹೆಚ್ಚುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಅಡುಗೆಯ ವಿಡಿಯೊಗಳಲ್ಲೂ ಓಡಾಡುತ್ತಿದೆ. ಅಂಕಿ ಸುಳ್ಳಲ್ಲ. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ. 1998ರಲ್ಲಿ ‘ಪ್ಲಾಂಟಾ ಮೆಡಿಕಾ’ ಎಂಬ ಪತ್ರಿಕೆಯಲ್ಲಿ ಆ ಪ್ರಬಂಧ ಪ್ರಕಟವಾಯಿತು. ಆದರೆ ಅಲ್ಲಿ ಅಳೆದದ್ದು ಏನನ್ನು, ಎಷ್ಟು ಪ್ರಮಾಣ ಕೊಟ್ಟು ಅಳೆದರು ಎಂಬ ವಿವರಗಳು ಹಿಂದುಳಿದು, ಅಂಕಿಯೊಂದೇ ಊರೂರು ಸುತ್ತುತ್ತಿದೆ. ದಿನಾ ಅರಿಶಿನ ತಿನ್ನುವ ನಾವು ಆ ವಿವರಗಳನ್ನು ತಿಳಿದುಕೊಳ್ಳಲೇಬೇಕು. ಚಿಟಿಕೆ ಅರಿಶಿನಕ್ಕೂ ಕ್ಯಾಪ್ಸೂಲಿನ ಅರಿಶಿನಕ್ಕೂ ನಡುವೆ ಇರುವ ಅಂತರ ಆ ಪ್ರಯೋಗದಲ್ಲೇ ಇದೆ.

ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್ ಮತ್ತು ಅದರ ಹತ್ತಿರದ ಒಂದೆರಡು ಸಂಯುಕ್ತಗಳು. ಅಡುಗೆಯ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದಲ್ಲಿ ಸುಮಾರು ಶೇ. 3ರಷ್ಟು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಪಿಷ್ಟ, ಜೊತೆಗೆ ನಾರು ಮತ್ತು ಘಮ ಕೊಡುವ ತೈಲ. 1815ರಲ್ಲಿ ಯುರೋಪಿನ ರಸಾಯನಜ್ಞರು ಈ ಹಳದಿಯನ್ನು ಮೊದಲು ಬೇರ್ಪಡಿಸಿದರು. ಅದರ ಅಣುರಚನೆ ತಿಳಿಯಲು 1910 ಬರಬೇಕಾಯಿತು.

ಆ ಅಣುವಿನ ಗುಣವನ್ನು ನಮ್ಮ ಮನೆಗಳು ಅದಕ್ಕೂ ಮೊದಲೇ ಕಂಡಿದ್ದವು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಗಾಗುತ್ತದೆ. ಮದುಮಕ್ಕಳಿಗೆ, ಬಾಣಂತಿಗೆ ಆರತಿ ಎತ್ತುವುದು ಅದೇ ನೀರಿನಲ್ಲಿ. ಬಿಳಿ ಪಂಚೆಗೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತದೆ, ಬಿಸಿಲಿಗೆ ಹರವಿದರೆ ಮಾಸಿಹೋಗುತ್ತದೆ. ಕ್ಷಾರ ತಾಗಿದರೆ ಅಣು ಬದಲಾಗುತ್ತದೆ, ಬೆಳಕು ಬಿದ್ದರೆ ಒಡೆಯುತ್ತದೆ ಎಂದು ಅರ್ಥ. ನೀರಿನಲ್ಲಂತೂ ಅದು ಕರಗುವುದೇ ಇಲ್ಲ ಎನ್ನಬಹುದು. ಕರಗಬೇಕಾದರೆ ಎಣ್ಣೆ, ತುಪ್ಪ ಬೇಕು.

ಔಷಧ ತಯಾರಿಸಲು ಹೊರಟವರಿಗೆ ಈ ಗುಣಗಳೆಲ್ಲ ತೊಡಕೇ. ದೇಹದ ಉಷ್ಣತೆಯಲ್ಲಿ, ರಕ್ತದಷ್ಟೇ ಕ್ಷಾರವಿರುವ ಬರಿಯ ದ್ರಾವಣದಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಕರ್ಕ್ಯುಮಿನ್‌ನ ಹತ್ತರಲ್ಲಿ ಒಂಬತ್ತು ಪಾಲು ಒಡೆದುಹೋಗುತ್ತದೆ. ರಕ್ತದಲ್ಲಿ ಪ್ರೋಟೀನುಗಳ ಆಸರೆ ಇರುವುದರಿಂದ ಇನ್ನಷ್ಟು ಹೊತ್ತು ಬಾಳುತ್ತದೆ ನಿಜ, ಆದರೆ ರಕ್ತಕ್ಕೆ ಸೇರುವುದೇ ಕಷ್ಟ. ನುಂಗಿದ್ದರಲ್ಲಿ ಬಹುಪಾಲು ಮಲದಲ್ಲಿ ಹೋಗುತ್ತದೆ. ಒಳಗೆ ನುಸುಳಿದ ಅಲ್ಪಸ್ವಲ್ಪವನ್ನೂ ಕರುಳಿನ ಗೋಡೆ ಮತ್ತು ಯಕೃತ್ತಿನ ಕಿಣ್ವಗಳು ಹಿಡಿದು, ಅದಕ್ಕೆ ಗ್ಲುಕುರೋನಿಕ್ ಆಮ್ಲವೆಂಬ ಸಕ್ಕರೆಯ ಸಂಬಂಧಿಯೊಂದನ್ನು ಅಂಟಿಸಿ ಹೊರಹಾಕಲು ಸಿದ್ಧಗೊಳಿಸುತ್ತವೆ. ಗಿಡಗಳಿಂದ ಬರುವ ನೂರಾರು ಅಪರಿಚಿತ ರಾಸಾಯನಿಕಗಳನ್ನು ನಮ್ಮ ದೇಹ ನಿತ್ಯ ವಿಲೇವಾರಿ ಮಾಡುವುದು ಹೀಗೆಯೇ.

ಬೆಂಗಳೂರಿನ ಸಂಶೋಧಕರು ಕೈಹಾಕಿದ್ದು ಇದಕ್ಕೆ. ಆರೋಗ್ಯವಂತ ಸ್ವಯಂಸೇವಕರಿಗೆ ಅವರು 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಪತ್ತೆಯಾದದ್ದು ತೀರಾ ಕಡಿಮೆ, ಕೆಲವೊಮ್ಮೆ ಏನೂ ಇಲ್ಲ. ಅದೇ 2 ಗ್ರಾಂ ಜೊತೆಗೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ರಕ್ತದಲ್ಲಿ ಕರ್ಕ್ಯುಮಿನ್ ಏರಿತು. ಲೆಕ್ಕ ಹಾಕಿದಾಗ ಸಿಕ್ಕ ಹೆಚ್ಚಳ ಶೇ. 2000. ಇಲಿಗಳಲ್ಲೂ ಇಂಥದೇ ಪ್ರಯೋಗ ಮಾಡಿದ್ದರು. ಅಲ್ಲಿ ಹೆಚ್ಚಳ ಶೇ. 154 ಮಾತ್ರ.

ಶೇ. 2000 ಹೆಚ್ಚಳವೆಂದರೆ ಇಪ್ಪತ್ತೊಂದು ಪಟ್ಟು. ಕೇಳಲು ದೊಡ್ಡದು. ಆದರೆ ಹತ್ತು ಪೈಸೆ ಇಪ್ಪತ್ತೊಂದು ಪಟ್ಟಾದರೂ ಕೈಗೆ ಬರುವುದು ಎರಡು ರೂಪಾಯಿ ಹತ್ತು ಪೈಸೆ. ಮೂಲದಲ್ಲಿ ಇದ್ದದ್ದೇ ಇಲ್ಲವೆನ್ನುವಷ್ಟು. ಹೆಚ್ಚಿದ ಮೇಲೂ ಅದು ಅಲ್ಪವೇ, ಅದೂ ಒಂದು ಗಂಟೆಯ ಮಟ್ಟಿಗೆ.

ಇನ್ನು ಪ್ರಮಾಣ ನೋಡಿ. ಒಂದು ಲೋಟ ಹಾಲಿಗೆ ಅರ್ಧ ಚಮಚ ಅರಿಶಿನ ಹಾಕಿದರೆ ಪುಡಿ ಸುಮಾರು ಒಂದೂವರೆ ಗ್ರಾಂ, ಅದರಲ್ಲಿ ಕರ್ಕ್ಯುಮಿನ್ ಹೆಚ್ಚೆಂದರೆ 45 ಮಿಲಿಗ್ರಾಂ ಆಸುಪಾಸು. ಪ್ರಯೋಗದಲ್ಲಿ ಕೊಟ್ಟ 2 ಗ್ರಾಂ ಆಗಬೇಕಾದರೆ ಇಂಥ ನಲವತ್ತಕ್ಕೂ ಹೆಚ್ಚು ಲೋಟ ಹಾಲು ಒಂದೇ ಸಲಕ್ಕೆ ಕುಡಿಯಬೇಕು. ಹುಳಿ, ಸಾರು, ಪಲ್ಯಗಳಿಗೆ ನಾವು ಹಾಕುವುದು ಅದಕ್ಕಿಂತಲೂ ಕಡಿಮೆ. ಹಾಗಾಗಿ ಹಾಲಿಗೆ ಎರಡು ಕಾಳುಮೆಣಸು ಜಜ್ಜಿ ಹಾಕಿದೊಡನೆ ಪ್ರಯೋಗಾಲಯದ ಫಲಿತಾಂಶ ನಮ್ಮ ಲೋಟಕ್ಕೆ ಇಳಿದುಬರುತ್ತದೆಂದು ನಂಬಲು ಆಧಾರವಿಲ್ಲ.

ಮೆಣಸು ಇದನ್ನು ಸಾಧಿಸುವ ಬಗೆ ಇನ್ನೂ ಮುಖ್ಯ. ಪೈಪರಿನ್ ಕರ್ಕ್ಯುಮಿನ್‌ಗೆ ಯಾವ ಶಕ್ತಿಯನ್ನೂ ತುಂಬುವುದಿಲ್ಲ. ಅದು ಮಾಡುವುದು, ಕರುಳು ಮತ್ತು ಯಕೃತ್ತಿನ ಆ ವಿಲೇವಾರಿ ಕಿಣ್ವಗಳ ಕೆಲಸಕ್ಕೆ ತಾತ್ಕಾಲಿಕವಾಗಿ ತಡೆ ಒಡ್ಡುವುದನ್ನು. ಆ ತಡೆ ಕರ್ಕ್ಯುಮಿನ್ ಒಂದಕ್ಕೇ ಸೀಮಿತವಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಬಳಸುವ ಪ್ರೊಪ್ರನೊಲಾಲ್, ಉಬ್ಬಸದ ಥಿಯೊಫಿಲಿನ್ ಇವುಗಳ ಮಟ್ಟವೂ ಪೈಪರಿನ್ ಜೊತೆಗೆ ಕೊಟ್ಟಾಗ ರಕ್ತದಲ್ಲಿ ಏರುವುದನ್ನು ಭಾರತದಲ್ಲೇ ನಡೆದ ಅಧ್ಯಯನಗಳು ದಾಖಲಿಸಿವೆ. ಫೆನಿಟಾಯಿನ್‌ನಂಥ ಔಷಧದಲ್ಲಿ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮೆಣಸಿನ ಸಾರು ಬಿಡಬೇಕೆಂದು ನಾನು ಹೇಳುತ್ತಿಲ್ಲ. ದಿನಾ ಮಾತ್ರೆ ನುಂಗುವ ಹಿರಿಯರು ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲನ್ನು ಅದರ ಮೇಲೆ ಸೇರಿಸಿಕೊಳ್ಳುವ ಮುನ್ನ ವೈದ್ಯರಿಗೆ ಹೇಳಲೇಬೇಕು ಎನ್ನುತ್ತಿದ್ದೇನೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೂ, ಪಿತ್ತಕೋಶದಲ್ಲಿ ಕಲ್ಲು ಇರುವವರಿಗೂ ಇದೇ ಮಾತು. ಕರ್ಕ್ಯುಮಿನ್ ಪಿತ್ತಕೋಶವನ್ನು ಸಂಕುಚಿಸುತ್ತದೆ. ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡರೆ ನೋವು ಸಣ್ಣದಾಗಿರುವುದಿಲ್ಲ.

ಇಷ್ಟೆಲ್ಲ ಮಾಡಿ ರಕ್ತಕ್ಕೆ ಸೇರಿಸಿದರೆ ರೋಗ ವಾಸಿಯಾಗುತ್ತದೆಯೆ? ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸಿದೆ, ಕ್ಯಾನ್ಸರ್ ಕೋಶಗಳನ್ನು ಕೊಂದಿದೆ. ಸಾವಿರಾರು ಪ್ರಬಂಧಗಳು ಬಂದಿವೆ. 2017ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಈ ರಾಶಿಯನ್ನು ಜರಡಿ ಹಿಡಿದು, ಕರ್ಕ್ಯುಮಿನ್ ಪ್ರಯೋಗಾಲಯದ ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ ಎಂದು ತೋರಿಸಿದರು. ಅದು ತಾನೇ ಹೊಳೆಯುತ್ತದೆ, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಒಡೆದು ಬೇರೆಯೇ ವಸ್ತುಗಳಾಗುತ್ತದೆ. ಪರೀಕ್ಷೆ ‘ಕೆಲಸ ಮಾಡಿತು’ ಎನ್ನುತ್ತದೆ, ಆಗಿರುವುದು ಬೇರೆ. 120ಕ್ಕೂ ಹೆಚ್ಚು ಮಾನವ ಪ್ರಯೋಗಗಳಾಗಿದ್ದರೂ, ಹುಸಿಮಾತ್ರೆಯೊಂದಿಗೆ ಹೋಲಿಸಿ ಗೆದ್ದ ಬಿಗಿಯಾದ ಪ್ರಯೋಗ ತಮಗೆ ಕಾಣಲಿಲ್ಲವೆಂದೂ ಅವರು ಬರೆದರು.

ಆ ತೀರ್ಮಾನಕ್ಕೆ ಆಕ್ಷೇಪಗಳು ಬಂದವು. ಬಳಿಕ ಕೆಲವು ಒಳ್ಳೆಯ ಪ್ರಯೋಗಗಳೂ ಬಂದವು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಮಂಡಿಸವೆತದ 70 ರೋಗಿಗಳಿಗೆ 12 ವಾರ ಅರಿಶಿನದ ಸಾರ ಇಲ್ಲವೇ ಹುಸಿಮಾತ್ರೆ ಕೊಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೋವು ಹುಸಿಮಾತ್ರೆಗಿಂತ ಹೆಚ್ಚು ತಗ್ಗಿತು, ಆದರೆ ಮಂಡಿಯಲ್ಲಿ ತುಂಬಿದ್ದ ನೀರಾಗಲಿ ಮೃದ್ವಸ್ಥಿಯ ಸ್ಥಿತಿಯಾಗಲಿ ಬದಲಾಗಲಿಲ್ಲ. 2023ರಲ್ಲಿ ಥಾಯ್ಲೆಂಡಿನ ವೈದ್ಯರು ಹೊಟ್ಟೆಯುಬ್ಬರ, ಅಜೀರ್ಣದಿಂದ ಬಳಲುವವರಿಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು, ಆಮ್ಲ ತಗ್ಗಿಸುವ ಒಮೆಪ್ರಜೋಲ್ ಮಾತ್ರೆಯೊಂದಿಗೆ ಹೋಲಿಸಿದರು. ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಮಟ್ಟದ ಆರಾಮ ಸಿಕ್ಕಿತು. ಹುಸಿಮಾತ್ರೆಯ ಗುಂಪು ಅಲ್ಲಿ ಇರಲಿಲ್ಲ ಎಂಬುದು ಕೊರತೆ. ಆದರೂ ನನಗೆ ಇದು ಆಸಕ್ತಿಯ ಸುದ್ದಿ: ಹೊಟ್ಟೆ, ಕರುಳಿನ ಕಾಯಿಲೆಗೆ ಮದ್ದು ರಕ್ತದವರೆಗೆ ಹೋಗಲೇಬೇಕೆಂದಿಲ್ಲ. ಅರಿಶಿನಕ್ಕೆ ನಿಜವಾದ ಕೆಲಸ ಸಿಗುವುದಾದರೆ ಅದು ಅಲ್ಲೇ ಇರಬಹುದು ಎಂಬುದು ನನ್ನ ಊಹೆ.

ಅರಿಶಿನದ ಮಹಿಮೆಗೆ ಸಾಕ್ಷಿಯಾಗಿ ನಮ್ಮಲ್ಲಿ ಪೇಟೆಂಟ್ ಮೊಕದ್ದಮೆಯನ್ನು ಮುಂದಿಡುವವರಿದ್ದಾರೆ. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ಮಾಗಿಸುವ ವಿಧಾನದ ಮೇಲೆ ಪೇಟೆಂಟ್ ಸಿಕ್ಕಿತು. ರಘುನಾಥ ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳು ಮತ್ತು 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನ ಸೇರಿದಂತೆ ದಾಖಲೆಗಳನ್ನು ಒಪ್ಪಿಸಿತು; 1997ರಲ್ಲಿ ಪೇಟೆಂಟ್ ರದ್ದಾಯಿತು. ನಮ್ಮ ಜನರ ಅರಿವನ್ನು ಇನ್ನೊಬ್ಬರು ಸ್ವಂತದ್ದೆಂದು ಬರೆದುಕೊಳ್ಳದಂತೆ ತಡೆದ ಆ ಹೋರಾಟ ದೊಡ್ಡದು. ಆದರೆ ಅಲ್ಲಿ ಸಾಬೀತಾದದ್ದು ‘ಇದು ಹೊಸತಲ್ಲ’ ಎಂಬುದು. ಅರಿಶಿನ ಗಾಯವನ್ನು ಎಷ್ಟು ಮಾಗಿಸುತ್ತದೆ ಎಂಬ ಪ್ರಶ್ನೆ ಪೇಟೆಂಟ್ ಕಚೇರಿಯ ಮುಂದೆ ಇರಲೇ ಇಲ್ಲ.

ಗಾಯದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ಡಬ್ಬಿಯ ಅರಿಶಿನ ಒತ್ತುವುದು ರೂಢಿ. ಕರ್ಕ್ಯುಮಿನ್ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಹೌದು. ಆದರೆ ಅಂಗಳದಲ್ಲಿ ಒಣಗಿ, ಗಿರಣಿಯಲ್ಲಿ ಪುಡಿಯಾಗಿ, ಅಡುಗೆಮನೆಯ ಡಬ್ಬಿಗೆ ಬಂದ ಪುಡಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಬೀಜಕಣಗಳೂ ಇರಬಲ್ಲವು. ಗಾಯವನ್ನು ಶುದ್ಧ ನೀರು, ಸೋಪಿನಿಂದ ತೊಳೆಯುವುದೇ ಮೊದಲ ಕೆಲಸ. ಹಸುಗೂಸಿನ ಹೊಕ್ಕುಳಿಗೆ ಮಾತ್ರ ಅರಿಶಿನ ಹಚ್ಚಲೇಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಹೊಕ್ಕುಳನ್ನು ಏನೂ ಹಚ್ಚದೆ ಶುಚಿಯಾಗಿ, ಒಣಗಿದಂತೆ ಇಡಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಾಣಂತನ ಮಾಡುವ ಅಜ್ಜಿಯರಿಗೆ ಇದನ್ನು ತಾಳ್ಮೆಯಿಂದ ತಿಳಿಸಿದರೆ ಕೇಳುತ್ತಾರೆ. ಮಗುವಿನ ಒಳಿತೇ ಅವರ ಆಸೆ.

ನೆಗಡಿ, ಗಂಟಲು ಕೆರೆತಕ್ಕೆ ರಾತ್ರಿ ಅರಿಶಿನದ ಹಾಲು ಕುಡಿಯುವವರು ನಿಶ್ಚಿಂತೆಯಿಂದ ಕುಡಿಯಲಿ. ಬೆಚ್ಚನೆಯ ಪಾನೀಯ ಗಂಟಲಿಗೆ ಹಿತ ಕೊಡುತ್ತದೆ, ನೆಗಡಿ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ಆ ಪ್ರಮಾಣದಲ್ಲಿ ಅರಿಶಿನದಿಂದ ಕೇಡಿಲ್ಲ. ತಲೆಮಾರುಗಳಿಂದ ತಿಂದ ಅನುಭವ ನಮಗೆ ಭರವಸೆ ಕೊಡುವುದು ಈ ಪ್ರಮಾಣಕ್ಕೆ ಮಾತ್ರ. ಶೇ. 95ರಷ್ಟು ಕರ್ಕ್ಯುಮಿನ್ ಇರುವಂತೆ ಸಾರ ಇಳಿಸಿ, ಪೈಪರಿನ್ ಬೆರೆಸಿ, ತಿಂಗಳುಗಟ್ಟಲೆ ನುಂಗಿದ ಅನುಭವ ಯಾವ ಅಜ್ಜಿಗೂ ಇರಲಿಲ್ಲ.

ಆ ಹೊಸ ಅನುಭವದ ದಾಖಲೆ ಈಗ ಬರುತ್ತಿದೆ. ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ಗಮನಿಸುವ ಅಮೆರಿಕದ ವೈದ್ಯರ ಜಾಲವೊಂದು 2022ರಲ್ಲಿ ಅರಿಶಿನದ ಪೂರಕಗಳಿಂದ ಯಕೃತ್ತು ಕೆಟ್ಟ 10 ಜನರ ವಿವರ ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಪರೀಕ್ಷೆಗೆ ಸಿಕ್ಕ ಉತ್ಪನ್ನಗಳಲ್ಲಿ ಮೂರರಲ್ಲಿ ಪೈಪರಿನ್ ಇತ್ತು. ಹತ್ತರಲ್ಲಿ ಏಳು ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದೇ ಬಗೆಯ ಜೀನ್ ರೂಪ ಕಂಡುಬಂತು. ಹಸಿರು ಚಹಾದ ಸಾರದಿಂದ ಯಕೃತ್ತು ಕೆಡಿಸಿಕೊಂಡವರಲ್ಲೂ ಅದೇ ಜೀನ್ ಹೆಚ್ಚಾಗಿ ಕಂಡಿದೆ. ಇಟಲಿಯಿಂದಲೂ ಇಂಥ ವರದಿಗಳು ಬಂದವು; ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ನೀಡಿದರು. ಕ್ಯಾಪ್ಸೂಲ್ ನುಂಗುವವರ ಸಂಖ್ಯೆಗೆ ಹೋಲಿಸಿದರೆ ಇವು ವಿರಳ. ಯಾರ ಮೈಯಲ್ಲಿ ಆ ಜೀನ್ ಇದೆ ಎಂಬುದು ಮಾತ್ರ ನುಂಗುವ ಮೊದಲು ಗೊತ್ತಿರುವುದಿಲ್ಲ. ಕ್ಯಾಪ್ಸೂಲ್ ತೆಗೆದುಕೊಳ್ಳುವಾಗ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ತುರಿಸಿ ಹಸಿವು ಸತ್ತರೆ, ಕೂಡಲೇ ನಿಲ್ಲಿಸಿ ಡಬ್ಬಿಯನ್ನೇ ವೈದ್ಯರ ಬಳಿ ಒಯ್ಯಬೇಕು. ‘ಬರೀ ಅರಿಶಿನ ತಾನೆ’ ಎಂದು ಅದನ್ನು ಹೇಳದೆ ಬಿಟ್ಟರೆ ವೈದ್ಯರು ಕಾರಣಕ್ಕಾಗಿ ಬೇರೆಲ್ಲೋ ಹುಡುಕುತ್ತಾರೆ.

ಅಡುಗೆಯ ಅರಿಶಿನಕ್ಕೆ ಇರುವ ಅಪಾಯ ಬೇರೆ ಬಗೆಯದು, ಕಲಬೆರಕೆಯದು. ಬಾಂಗ್ಲಾದೇಶದಲ್ಲಿ ಮಾಸಿದ ಕೊಂಬುಗಳಿಗೆ ಹೊಳಪು ಬರಿಸಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಸುತ್ತಿದ್ದುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆನ್ನಾ ಫೋರ್ಸಿತ್ ಮತ್ತು ಢಾಕಾದ ಸಂಶೋಧಕರು 2019ರಲ್ಲಿ ಬಯಲಿಗೆಳೆದರು. ಗರ್ಭಿಣಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚಿದೆ ಎಂದು ಹುಡುಕುತ್ತಾ ಹೋದವರಿಗೆ ಸಿಕ್ಕ ಉತ್ತರವದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಸರ್ಕಾರ ದಾಳಿ ನಡೆಸಿ, ದಂಡ ಹಾಕಿ, ಜನರಿಗೆ ತಿಳಿಸಿದ ಮೇಲೆ, 2019ರಲ್ಲಿ ಶೇ. 47ರಷ್ಟಿದ್ದ ಕಲಬೆರಕೆ ಮಾದರಿಗಳು 2021ರ ಹೊತ್ತಿಗೆ ಸೊನ್ನೆಗೆ ಇಳಿದವು. ಎರಡೇ ವರ್ಷದಲ್ಲಿ ಸಾಧ್ಯವಾದ ಕೆಲಸವದು.

ಚಾಮರಾಜನಗರದಿಂದ ಬೆಳಗಾವಿಯವರೆಗೆ ಅರಿಶಿನ ಬೆಳೆಯುವ ರೈತರು ನಮ್ಮಲ್ಲಿದ್ದಾರೆ. ಬೇಯಿಸಿ ಒಣಗಿಸಿದ ಕೊಂಬನ್ನೇ ಅವರಿಂದಲೋ ನಂಬಿಕೆಯ ಅಂಗಡಿಯಿಂದಲೋ ಕೊಂಡು ಗಿರಣಿಗೆ ಹಾಕಿಸುವುದು ಈಗಲೂ ಸಾಧ್ಯ. ಸಹಜವಾದ ಕೊಂಬಿನ ಸಿಪ್ಪೆ ಮಂಕು ಬಣ್ಣದ್ದು, ಮುರಿದರೆ ಒಳಗೆ ಕಡು ಕಿತ್ತಳೆ ಹಳದಿ. ಹೊರಗಿನ ಸಿಪ್ಪೆಯೇ ಬಣ್ಣ ಬಳಿದಂತೆ ಹೊಳೆಯುತ್ತಿದ್ದು, ಉಜ್ಜಿದರೆ ಕೈಗೆ ಹಳದಿ ಹತ್ತುತ್ತಿದ್ದರೆ ಅಂಥ ಕೊಂಬನ್ನು ಬಿಟ್ಟುಬಿಡಿ. ಪುಡಿಯನ್ನೇ ಕೊಳ್ಳುವವರು ಬಿಡಿ ಪುಡಿಯ ಬದಲು ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರುವ ಪೊಟ್ಟಣ ನೋಡಿ ತೆಗೆದುಕೊಳ್ಳಬಹುದು.